ಗಾಡಿಯವನ ಕನ್ನಡ

ಪ್ರೂಫ್ ತಿದ್ದುವವನ ಹೆಸರು ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ. ತಪ್ಪು ಉಳಿದರೆ ಮಾತ್ರ ಹಾಗೊಬ್ಬ ಇದ್ದ ಅಂತ ಓದುವವರಿಗೆ ಗೊತ್ತಾಗುತ್ತದೆ. ಮೊನ್ನೆ ರಾಮನಗರದಿಂದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಪುಸ್ತಕ ಮಾಡುವ ಕಡೆ ಹೊಸದಾಗಿ ಸೇರಿದ್ದಾರಂತೆ. ‘ಅಂಕಲ್, ಈ ಕೆಲಸ ಒಸಿ ಹೇಳ್ಕೊಡಿ’ ಎಂದರು. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣ ಎಲ್ಲವನ್ನೂ ಹೇಳಿದೆ. ಅವರು ಕಾಫಿ ಕುಡಿದು ಹೋದ ಮೇಲೆ, ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಕಳಿಸಿದೆ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಚನ್ನಪಟ್ಟಣದ ಒಂದು ಮುದ್ರಣಾಲಯದಲ್ಲಿ. ಊರು ಹೊಂಗನೂರು. ರಾಮನಗರದ ಮಾರುಕಟ್ಟೆಗೆ ಹೊರಟ ರೇಷ್ಮೆಗೂಡಿನ ಮೂಟೆಗಳ ಸಂದಿಯಲ್ಲಿ ನಿಂತುಕೊಂಡು ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಆಗೆಲ್ಲ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಮಾಡುವ ಕಾಲ. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ ಮತ್ತು ಮಸಿಯ ವಾಸನೆ. ಈಗಲೂ ಯಾವುದಾದರೂ ಸೈಕಲ್ ರಿಪೇರಿ ಅಂಗಡಿಯ ಮುಂದೆ ಆ ವಾಸನೆ ಸುಳಿದರೆ ನಿಂತುಬಿಡುತ್ತೇನೆ. ಮನೆಯವಳು, ‘ಯಾಕ್ರೀ ನಿಂತ್ರಿ’ ಅಂದರೆ ಚಪ್ಪಲಿ ಸರಿಮಾಡಿಕೊಂಡ ಹಾಗೆ ಮಾಡಿ ಮುಂದೆ ನಡೆಯುತ್ತೇನೆ.

ಸೇರಿದ ಹೊಸತರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಮದುವೆ ಕಾಗದದ್ದು. ಹುಡುಗಿಯ ತಂದೆಯ ಹೆಸರಿನ ಹಿಂದೆ ‘ದಿವಂಗತ’ ಅಂತ ಉಳಿದುಬಿಟ್ಟಿತು. ಅದಕ್ಕೂ ಹಿಂದೆ ಅಚ್ಚಾದ ಬೇರೊಬ್ಬರ ಕಾಗದದಲ್ಲಿ ಆ ಪದ ಇತ್ತು, ಜೋಡಿಸಿದ ಸಾಲು ಹಾಗೇ ಬಂದಿತ್ತು, ನನ್ನ ಕಣ್ಣು ಅದನ್ನು ದಾಟಿ ಹೋಗಿತ್ತು. ಆ ತಂದೆಯೇ ಕಾಗದ ಹಿಡಿದು ಬಂದರು. ಕೋಪ ಮಾಡಲಿಲ್ಲ. ಕೈ ಮುಂದೆ ಚಾಚಿ, ‘ಒಸಿ ಮುಟ್ಟಿ ನೋಡಿ ಸಾಮಿ, ಬೆಚ್ಚಗಿದೀನೋ ಇಲ್ವೋ’ ಎಂದರು. ನಮ್ಮ ಯಜಮಾನರು ಅವರ ಕೈ ಹಿಡಿದು ಕ್ಷಮೆ ಕೇಳಿ, ಎಲ್ಲ ಕಾಗದವನ್ನೂ ಮತ್ತೆ ಅಚ್ಚು ಹಾಕಿಸಿದರು. ಆಮೇಲೆ ನನ್ನನ್ನು ಕರೆದು ಒಂದೇ ಮಾತು ಹೇಳಿದರು: ‘ಹಾಳೆ ಮೇಲೆ ಇರೋದನ್ನ ಓದು. ನಿನ್ನ ತಲೆಯೊಳಗೆ ಇರೋದನ್ನ ಓದಬೇಡ.’

ಅವರದೇ ಇನ್ನೊಂದು ಕಟ್ಟಪ್ಪಣೆ ಇತ್ತು. ಪಂಚಾಯಿತಿಯ ಕರಪತ್ರ, ಸಂಘದ ವರದಿ, ಹಳ್ಳಿ ನಾಟಕದ ಪುಸ್ತಕ ಬರೆದುಕೊಂಡು ಬರುವವರು ತಾವು ಮಾತಾಡುವ ಹಾಗೇ ಬರೆದಿರುತ್ತಿದ್ದರು. ‘ಐತೆ ಅಂತ ಬಂದರೆ ಇದೆ ಮಾಡು. ಬತ್ತೀನಿ ಅಂತ ಬಂದರೆ ಬರುತ್ತೇನೆ ಮಾಡು. ಅವರನ್ನ ಕೇಳೋಕೆ ಹೋಗಬೇಡ’ ಎಂದಿದ್ದರು. ನಾನು ಹಾಗೇ ಮಾಡಿದೆ. ಮಾಡಿ ಮಾಡಿ ಕೈಗೆ ಎಷ್ಟು ರೂಢಿಯಾಯಿತೆಂದರೆ ಬಾಯಿಗೂ ಬಂತು. ಒಂದು ದಿನ ಮನೆಯಲ್ಲಿ ‘ಸಾರಿನಲ್ಲಿ ಉಪ್ಪು ಕಡಿಮೆ ಇದೆ’ ಎಂದೆ. ಅವ್ವ ಸೌಟು ಹಿಡಿದುಕೊಂಡೇ ನಕ್ಕಳು. ‘ಅದೇನ್ಲಾ ರೇಡಿಯೋದಂಗೆ ಮಾತಾಡ್ತೀಯೆ’ ಎಂದಳು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಈಗ ಸಿದ್ದಯ್ಯನವರ ವಿಷಯ. ಅವರು ನಮ್ಮಲ್ಲಿ ಮೊಳೆ ಜೋಡಿಸುವ ಕಂಪೋಸಿಟರ್. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗೆ ಕಂಡ ಹಾಗೆ ತಿರುಗಿರುತ್ತದೆ. ಅದನ್ನು ಅವರು ನಾನು ಕಾಗದದ ಮೇಲೆ ಓದುವುದಕ್ಕಿಂತ ಬೇಗ ಓದುತ್ತಿದ್ದರು. ಶಾಲೆಗೆ ಹೋಗಿದ್ದು ಏಳನೇ ಕ್ಲಾಸಿನವರೆಗೆ. ಚನ್ನಪಟ್ಟಣದ ಪಕ್ಕದ ಹಳ್ಳಿಯ ಕಾಲೊನಿಯವರು, ದಲಿತರು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಆದರೂ ಅವರು ನನ್ನನ್ನು ‘ಪುಟ್ಸಾಮಣ್ಣ’ ಎನ್ನುತ್ತಿದ್ದರು, ನಾನು ಅವರನ್ನು ‘ಸಿದ್ದಯ್ಯ, ಬಾ ಇಲ್ಲಿ’ ಎನ್ನುತ್ತಿದ್ದೆ. ಅದು ತಪ್ಪು ಅಂತ ನನಗಾಗಲಿ ಬೇರೆ ಯಾರಿಗಾಗಲಿ ತೋಚಿದ್ದಿಲ್ಲ. ನನ್ನ ಕಣ್ಣಿಗೆ ಬೀಳದೆ ಹೋದ ತಪ್ಪುಗಳಲ್ಲಿ ಅದೂ ಒಂದು. ಬರೆಯುವಾಗ ತಿದ್ದಿಕೊಂಡು ಬರೆಯುತ್ತಿದ್ದೇನೆ.

ಒಂದು ಬೇಸಿಗೆಯಲ್ಲಿ ರಾಮನಗರದಿಂದ ನಿವೃತ್ತ ಹೆಡ್ಮಾಸ್ಟರೊಬ್ಬರು ಬಂದರು. ಬಟ್ಟೆ ಚೀಲದ ತುಂಬ ಉದ್ದನೆಯ ನೋಟ್‌ಬುಕ್ಕುಗಳು, ನೀಲಿ ಶಾಯಿಯ ಮುದ್ದಾದ ಅಕ್ಷರ. ಅಮೆರಿಕದ ಒಂದು ಹಳೆಯ ಕಾದಂಬರಿಯನ್ನು ಕನ್ನಡಕ್ಕೆ ತಂದಿದ್ದರು. ಅಲ್ಲಿಯ ಶಾಲೆ ಕಾಲೇಜುಗಳಲ್ಲಿ ಬಹಳ ಕಾಲದಿಂದ ಓದಿಸುತ್ತಿರುವ ಪುಸ್ತಕವಂತೆ. ಅದರ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೆ ನೀವು ಹುಡುಕಿಕೊಂಡು ಹೋಗಿ ಮೇಷ್ಟ್ರ ತಪ್ಪು ಎಣಿಸುತ್ತೀರಿ, ಅದು ನನಗೆ ಬೇಡ. ಕಾಲೇಜಿನಲ್ಲಿದ್ದಾಗ ಅದನ್ನು ಓದಿ ಅತ್ತಿದ್ದರಂತೆ. ‘ಇದೊಂದು ಕನ್ನಡದಲ್ಲಿ ಬರಬೇಕು ಪುಟ್ಟಸ್ವಾಮಿ. ಆಮೇಲೆ ನಾನು ಯಾವಾಗ ಹೋದರೂ ಸರಿ’ ಎಂದರು.

ಕಥೆ ಇಷ್ಟು. ಹತ್ತಿ ಬೆಳೆಯುವ ದೊಡ್ಡ ಜಮೀನಿನ ಮನೆ. ಅಲ್ಲಿ ಗಾಡಿ ಹೊಡೆಯುವ ಗುಲಾಮ, ಕರಿಯರ ಒಬ್ಬ ಮುದುಕ. ಆ ಮನೆತನ ಮುರಿದು ಬೀಳುತ್ತದೆ. ಯಜಮಾನನ ಚಿಕ್ಕ ಮಗಳನ್ನು ಅವನು ಗಾಡಿಯಲ್ಲಿ ಕೂರಿಸಿಕೊಂಡು ಹಲವು ದಿನಗಳ ದಾರಿ ದಾಟಿಸಿ ಅವಳ ಸೋದರತ್ತೆಯ ಮನೆ ಮುಟ್ಟಿಸುತ್ತಾನೆ. ದಾರಿಯುದ್ದಕ್ಕೂ ದೆವ್ವಕ್ಕೆ ಹೆದರುತ್ತಾನೆ, ಏನಾದರೂ ಪೆದ್ದು ಮಾತಾಡುತ್ತಾನೆ, ಓದುವವರು ನಗುತ್ತಾರೆ. ಆದರೆ ಅವಳ ಮೈಗೆ ಒಂದು ಗೀರೂ ತಾಗದಂತೆ ಕಾಯುತ್ತಾನೆ. ಕೊನೆಯಲ್ಲಿ ಅವನಿಗೆ ಬಿಡುಗಡೆಯ ಕಾಗದ ಕೊಡುತ್ತಾರೆ. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ‘ನಾನೆಲ್ಲಿಗೂ ಹೋಗಲ್ಲ, ಇಲ್ಲೇ ಇರುತ್ತೇನೆ’ ಎನ್ನುತ್ತಾನೆ. ಮೇಷ್ಟ್ರು ಅತ್ತಿದ್ದು ಅಲ್ಲೇ.

ಮೊದಲ ಪ್ರೂಫಿನಲ್ಲಿ ಗಾಡಿಯವನ ಮಾತೆಲ್ಲ ಐತೆ, ಬತ್ತೀನಿ, ಬುದ್ಧಿ ಅಂತ ಇತ್ತು. ನಾನು ಯಜಮಾನರ ಅಪ್ಪಣೆಯಂತೆ ಎಲ್ಲವನ್ನೂ ಇದೆ, ಬರುತ್ತೇನೆ ಮಾಡಿದೆ. ಸಿದ್ದಯ್ಯನವರು ಚಿಮಟದಲ್ಲಿ ಮೊಳೆಗಳನ್ನು ಕಿತ್ತು ಬೇರೆ ಮೊಳೆ ಕೂರಿಸಿದರು. ಮೇಷ್ಟ್ರು ಬಂದು ನೋಡಿ ಹಣೆ ಚಚ್ಚಿಕೊಂಡರು. ‘ಅದು ಬೇಕೆಂದೇ ಬರೆದಿದ್ದು ಕಣಯ್ಯ. ಮೂಲದಲ್ಲಿ ಅವನು ಒಡಕು ಇಂಗ್ಲಿಷ್ ಆಡ್ತಾನೆ. ಕನ್ನಡದಲ್ಲೂ ಅದು ಕಾಣಬೇಕು. ಎಲ್ಲ ವಾಪಸ್ ಹಾಕಿಸು’ ಎಂದರು.

ನಾನು ಹೋಗಿ ಸಿದ್ದಯ್ಯನವರಿಗೆ ಹೇಳಿದೆ. ಅವರು ಚಿಮಟ ಕೆಳಗಿಟ್ಟು ಕೇಳಿದರು.

‘ಮತ್ಯಾಕಣ್ಣ ವಾಪಸ್ಸು?’

‘ಅವನು ಓದಿಲ್ಲದವನು. ಅದು ಗೊತ್ತಾಗಬೇಕಂತೆ.’

‘ಆ ಮನೇಲಿ ಅಡುಗೆ ಮಾಡ್ತಾಳಲ್ಲ ಬಿಳಿ ಹೆಂಗಸು, ಅವ್ಳೂ ಓದಿಲ್ಲ. ರುಜು ಹಾಕಕ್ಕೆ ಬರದೆ ಹೆಬ್ಬೆಟ್ಟು ಒತ್ತುತಾಳೆ ಅಂತ ಮೂರ್ನೇ ಅಧ್ಯಾಯದಲ್ಲಿ ಐತೆ. ಅವ್ಳ್ಯಾಕೆ ಇದೆ ಅಂತಾಳೆ?’

ಆ ಅಧ್ಯಾಯವನ್ನು ಎರಡು ಸಲ ತಿದ್ದಿದ್ದವನು ನಾನು. ಅಡುಗೆಯವಳ ಹೆಬ್ಬೆಟ್ಟು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವರು ಇನ್ನೊಂದು ಮಾತು ಹೇಳಿದರು. ಪುಸ್ತಕದಲ್ಲಿ ಬಿಳಿಯರೆಲ್ಲ ಗಾಡಿಯವನನ್ನು ಒಂದು ತುಚ್ಛ ಪದದಿಂದ ಕರೆಯುತ್ತಿದ್ದರು. ಮೇಷ್ಟ್ರು ಅದಕ್ಕೆ ‘ಕರಿಯ’ ಅಂತ ಹಾಕಿದ್ದರು. ಕಥೆ ಹೇಳುವಾಗ ತಾವೂ ಅದನ್ನೇ ಬಳಸಿದ್ದರು, ಪುಟಪುಟಕ್ಕೂ. ಸಿದ್ದಯ್ಯನವರು ಕೈ ಒರೆಸಿಕೊಳ್ಳುತ್ತ, ‘ಕರಿಯ ಅನ್ನೋದು ನಮ್ಮಪ್ಪನ ಹೆಸ್ರು ಕಣಣ್ಣ. ದೇವರ ಹೆಸ್ರು ಅಂತ ಇಟ್ಟಿದ್ರು. ಇದ್ರಲ್ಲಿ ಬೈಗುಳ ಆಗ್ಬುಟ್ಟೈತೆ’ ಎಂದರು. ಹೇಳಿ ಕೆಲಸಕ್ಕೆ ತಿರುಗಿದರು. ನಾನು, ‘ಪುಸ್ತಕ ತಾನೆ, ಬಿಡು’ ಎಂದೆ.

ಒಂದು ವಾರ ಕಳೆದು ಮುಂದಿನ ಅಧ್ಯಾಯಗಳ ಪ್ರೂಫ್ ನನ್ನ ಮೇಜಿಗೆ ಬಂತು. ಓದುತ್ತ ಓದುತ್ತ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಜಮೀನಿನ ಯಜಮಾನ, ‘ಗಾಡಿ ಎಲ್ಲಿ ನಿಲ್ಸಿದ್ದೀಯ್ಲಾ’ ಎನ್ನುತ್ತಿದ್ದ. ರೇಷ್ಮೆ ಗೌನು ತೊಟ್ಟ ಅವನ ಹೆಂಡತಿ, ‘ನಂಗೆ ತಲೆನೋವಾಗೈತೆ, ಯಾರೂ ಬರ್ಬ್ಯಾಡಿ’ ಎನ್ನುತ್ತಿದ್ದಳು. ಗಾಡಿಯವನು ಮಾತ್ರ ಪುಸ್ತಕದ ಕನ್ನಡ ಮಾತಾಡುತ್ತಿದ್ದ. ಸಿದ್ದಯ್ಯನವರು ಎಲ್ಲವನ್ನೂ ಅದಲು ಬದಲು ಮಾಡಿ ಜೋಡಿಸಿದ್ದರು.

ನಗುತ್ತಲೇ ಗಾಡಿಯವನ ಮಾತಿಗೆ ಬಂದೆ. ‘ಕತ್ತಲೆಂದರೆ ನನಗೆ ಭಯ, ಅಮ್ಮಣ್ಣಿ. ಕತ್ತಲಲ್ಲಿ ಯಾರು ಬರುತ್ತಾರೆಂದು ಹೇಗೆ ತಿಳಿಯುವುದು?’ ಎಂದು ಅವನು ಹೇಳುತ್ತಿದ್ದ. ಇದೇ ಮಾತು ಮೇಷ್ಟ್ರ ಹಾಳೆಯಲ್ಲಿ ‘ಕತ್ಲು ಅಂದ್ರೆ ನಂಗೆ ಭಯ ಕಣಮ್ಮಣ್ಣಿ, ಯಾರ್ ಬತ್ತಾರೆ ಅಂತ ಎಂಗೆ ಗೊತ್ತಾದದು’ ಅಂತ ಇತ್ತು. ಅದನ್ನು ಓದಿದಾಗ ಪೆದ್ದ ಮುದುಕ ಅಂತ ನಕ್ಕಿದ್ದೆ. ಈಗ ನಗು ಬರಲಿಲ್ಲ. ಯಾರು ಬೇಕಾದರೂ ಬಂದು ಹಿಡಿದುಕೊಂಡು ಹೋಗಿ ಮಾರಬಹುದಾದ ಮನುಷ್ಯ. ಅವನು ಕತ್ತಲೆಗೆ ಹೆದರುವುದರಲ್ಲಿ ನಗುವುದಕ್ಕೆ ಏನಿತ್ತು? ಮಾತು ಅದೇ. ಬೇರೆಯಾಗಿದ್ದು ಕೆಲವು ಮೊಳೆಗಳು ಮಾತ್ರ.

ಇನ್ನೂ ಒಂದು ವಿಷಯ ತಡವಾಗಿ ಹೊಳೆಯಿತು. ನಾನು ನಕ್ಕಿದ್ದು ನಮ್ಮವ್ವ ದಿನಾ ಆಡುವಂಥ ಮಾತಿಗೆ. ಯಾರ ಬಾಯಲ್ಲಿ ಹಾಕಿದರೂ ನಕ್ಕಿದ್ದೆ. ಚಿಕ್ಕವನಿದ್ದಾಗ ಅವ್ವನ ತವರಿನಲ್ಲಿ ದನ ಕಾಯುತ್ತ ಜೀತಕ್ಕಿದ್ದ ಮಾರ ಎಂಬ ಮುದುಕ ನೆನಪಾದ. ಹಟ್ಟಿಯಂಚಿನಲ್ಲಿ ಕೂತು ಯಾರು ಏನೆಂದರೂ ನಗುತ್ತಿದ್ದ. ಬಹಳ ಒಳ್ಳೆಯವನು ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಅವನ ನಗುವಿಗೆ ಬೇರೆ ಅರ್ಥ ಇರಬಹುದು ಅಂತ ಆವತ್ತು ಆ ಪ್ರೂಫಿನ ಮುಂದೆ ಕೂತಾಗ ಮೊದಲ ಸಲ ಅನ್ನಿಸಿತು.

ಅಷ್ಟರಲ್ಲಿ ನಾನು ನಕ್ಕ ಸದ್ದು ಕೇಳಿ ಯಜಮಾನರು ಬಂದರು. ಹಾಳೆ ಕೈಗೆತ್ತಿಕೊಂಡು ಓದಿದರು. ಮುಖ ಕೆಂಪಾಯಿತು. ಸಿದ್ದಯ್ಯನವರನ್ನು ಕೂಗಿದರು.

‘ಇದೇನು ನಿನ್ನ ಮನೆ ಪುಸ್ತಕವಾ? ಕೊಟ್ಟಿದ್ದನ್ನ ಜೋಡಿಸೋದು ನಿನ್ನ ಕೆಲಸ.’ ಆಮೇಲೆ ನನ್ನ ಕಡೆ ತಿರುಗಿ, ‘ನೀನೂ ಇದರಲ್ಲಿ ಸೇರಿದ್ದೀಯಾ? ಮೊದಲೇ ನಿನಗೇನಾದರೂ ಹೇಳಿದ್ದನಾ?’ ಎಂದರು.

‘ಇಲ್ಲ, ನನಗೇನೂ ಹೇಳಿಲ್ಲ’ ಎಂದೆ.

ಸಿದ್ದಯ್ಯನವರು ನನ್ನ ಮುಖ ನೋಡಿದರು. ಅಡುಗೆಯವಳ ವಿಷಯ ಹೇಳಿದ್ದರು, ಅಪ್ಪನ ಹೆಸರಿನ ವಿಷಯ ಹೇಳಿದ್ದರು. ಅದನ್ನು ಯಜಮಾನರಿಗೆ ಮುಟ್ಟಿಸಬೇಕಾದವನು ನಾನೇ ಆಗಿದ್ದೆ. ಅವರು ನನ್ನನ್ನು ಸಿಕ್ಕಿಸಲಿಲ್ಲ. ‘ನಂದೇ ತಪ್ಪು ಯಜಮಾನ್ರೇ. ಮೇಷ್ಟ್ರು ಬರ್ಲಿ, ಒಂದ್ಮಾತು ಕೇಳ್ತೀನಿ. ಆಮೇಲೆ ಬುಡು ಅಂದ್ರೆ ಕೆಲ್ಸ ಬುಡ್ತೀನಿ’ ಎಂದರು.

ಮಾರನೆಯ ದಿನ ಮಧ್ಯಾಹ್ನ ಮೇಷ್ಟ್ರು ಬಂದರು. ಅದಲು ಬದಲಾದ ಹಾಳೆಗಳನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅವರು ನಗಲಿಲ್ಲ. ಸಿದ್ದಯ್ಯನವರು ಬಾಗಿಲ ಹತ್ತಿರ ನಿಂತಿದ್ದರು. ‘ಬಾ ಸಿದ್ದಯ್ಯ, ಕೂತ್ಕೊ’ ಎಂದು ಮೇಷ್ಟ್ರು ಸ್ಟೂಲು ತೋರಿಸಿದರು. ಅವರು ಕೂರಲಿಲ್ಲ.

‘ನೀನು ಏನು ಹೇಳ್ತಿದ್ದೀಯ ಅಂತ ಗೊತ್ತಾಯ್ತು’ ಎಂದರು ಮೇಷ್ಟ್ರು. ‘ಆದರೆ ಇದನ್ನ ಬರೆದವನು ಗುಲಾಮಗಿರಿ ತಪ್ಪು ಅಂತ ಹೇಳೋಕೇ ಬರೆದದ್ದು. ಅವನ ಊರಿನವರೇ ಅವನನ್ನ ಬೈದರು. ಇಡೀ ಪುಸ್ತಕದಲ್ಲಿ ಒಳ್ಳೆಯ ಮನುಷ್ಯ ಅಂತ ಇರೋದು ಆ ಗಾಡಿಯವನೊಬ್ಬನೇ.’

‘ಒಳ್ಳೇವ್ನೇ ಸಾರ್. ನಮ್ಮಪ್ಪನ್ನೂ ಊರೋರೆಲ್ಲ ಒಳ್ಳೇವ್ನು ಅನ್ನೋರು. ಒಳ್ಳೇವ್ನು ಅಂತಾನೇ ಇಪ್ಪತ್ತು ವರ್ಷ ಜೀತ ಮಾಡ್ಸುದ್ರು.’

ಮೇಷ್ಟ್ರು ಕನ್ನಡಕ ತೆಗೆದು ಹಾಳೆಗಳ ಮೇಲಿಟ್ಟರು. ‘ಹಾಗಾದರೆ ಇದು ಕೆಟ್ಟ ಪುಸ್ತಕ ಅಂತೀಯಾ?’ ಎಂದರು. ಕೇಳುವಾಗ ಅವರ ದನಿ ಸಣ್ಣಗಾಗಿತ್ತು. ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಪುಸ್ತಕ ಅದು.

‘ಅಂಗನ್ನಕ್ಕೆ ನಾನ್ಯಾರು ಸಾರ್. ಆ ಮಗೂನ ಅವ್ನು ಹೊಳೆ ದಾಟ್ಸೋ ಕಡೆ ಜೋಡಿಸ್ವಾಗ ನಂಗೂ ಕಣ್ಣಲ್ಲಿ ನೀರು ಬಂತು. ಬರ್ದೋನ್ಗೆ ಅವ್ನ ಮ್ಯಾಲೆ ಪಿರೂತಿ ಐತೆ. ಆದ್ರೆ ಪಿರೂತಿ ಇದ್ರೂ ಎದ್ರುಗೆ ಕೂರುಸ್ಕೊಂಡು ಮಾತಾಡ್ನಿಲ್ಲ. ನಿಮ್ಮ ನೋಟ್‌ಬುಕ್ಕಿನ ಕೊನೇಲಿ ಇಲ್ಲೇ ಇರ್ತೀನಿ ಅಂತಾನಲ್ಲ, ಅದು ಅವ್ನಾಗೇ ಅಂದ್ನಾ ಸಾರ್, ಇಲ್ಲ ಬರ್ದೋನು ಅನ್ನುಸುದ್ನಾ?’

ಯಜಮಾನರು ಏನೋ ಹೇಳಲು ಹೋದರು. ಮೇಷ್ಟ್ರು ಕೈಯಿಂದಲೇ ತಡೆದರು. ನೋಟ್‌ಬುಕ್ಕುಗಳನ್ನೆಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡರು. ‘ಇವನನ್ನ ಏನೂ ಅನ್ನಬೇಡಿ. ನಾನು ಮತ್ತೆ ಬರ್ತೀನಿ’ ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಎರಡು ತಿಂಗಳು ಅವರ ಸುಳಿವಿಲ್ಲ. ಪುಸ್ತಕ ಕೈಬಿಟ್ಟರು ಎಂದುಕೊಂಡೆವು. ಆಮೇಲೆ ಬಂದರು, ಹೊಸ ನೋಟ್‌ಬುಕ್ಕುಗಳ ಜೊತೆ. ಈಗ ಎಲ್ಲರೂ ಒಂದೇ ಕನ್ನಡ ಮಾತಾಡುತ್ತಿದ್ದರು, ಬಿಳಿಯರು ಕರಿಯರು ಎನ್ನದೆ, ಸರಳವಾದ ಆಡುಮಾತು. ಬೈಯುವವರ ಬಾಯಲ್ಲಿ ಬೈಗುಳ ಹಾಗೇ ಇತ್ತು, ಆದರೆ ಅದಕ್ಕೆ ಬೇರೆ ಪದ ಹುಡುಕಿದ್ದರು. ಕಥೆ ಹೇಳುವ ಕಡೆಯೆಲ್ಲ ಗಾಡಿಯವನನ್ನು ಅವನ ಹೆಸರು ಹಿಡಿದೇ ಕರೆದಿದ್ದರು. ‘ಬರೆದವನು ಬರೆದದ್ದನ್ನ ನಾನು ಬದಲಿಸೋಕಾಗಲ್ಲ. ನಾನು ಸೇರಿಸಿದ್ದನ್ನ ತೆಗೆಯಬಹುದು. ಅಷ್ಟು ಮಾಡಿದ್ದೇನೆ’ ಎಂದರು.

ಆ ಪುಸ್ತಕ ಮತ್ತೆ ಮೊದಲಿನಿಂದ ಜೋಡಿಸಿದ ತಿಂಗಳುಗಳು ನನ್ನ ಕೆಲಸದ ಬದುಕಿನಲ್ಲೇ ಚೆನ್ನಾಗಿದ್ದ ಕಾಲ. ನಾನು ಗಟ್ಟಿಯಾಗಿ ಓದುತ್ತಿದ್ದೆ, ಸಿದ್ದಯ್ಯನವರು ಹಾಳೆ ನೋಡುತ್ತಿದ್ದರು. ‘ಇಲ್ಲಿ ಒಸಿ ಎಳುದಂಗೈತೆ’ ಎನ್ನುತ್ತಿದ್ದರು. ಮೇಷ್ಟ್ರು ವಾರಕ್ಕೊಮ್ಮೆ ಬಂದು ಅದನ್ನು ಕೇಳಿ ತಿದ್ದುತ್ತಿದ್ದರು. ನನಗೆ ಗೊತ್ತಿಲ್ಲದ ಹಾಗೇ ನಾನೂ ಮುದ್ರಣಾಲಯದಲ್ಲಿ ಐತೆ, ಬತ್ತೀನಿ ಅನ್ನತೊಡಗಿದ್ದೆ. ಆದರೆ ಯಜಮಾನರ ಮುಂದೆ ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಲಿಲ್ಲ. ಎಲ್ಲ ಸರಿಹೋಯಿತಲ್ಲ, ಇನ್ನೇಕೆ ಕೆದಕುವುದು ಎಂದುಕೊಂಡೆ.

ಕೊನೆಯ ಪುಟ ಬಂದ ದಿನ ಸಿದ್ದಯ್ಯನವರು ಕೆಲಸ ನಿಲ್ಲಿಸಿ ನನ್ನನ್ನು ಕರೆದರು. ‘ಇಲ್ಲೇ ಇರ್ತೀನಿ ಅನ್ನೋ ಸಾಲು ಬಂದೈತೆ. ಇದೊಂದ ನೀವು ಜೋಡ್ಸಿ ಪುಟ್ಸಾಮಣ್ಣ. ನನ್ನ ಕೈಲಿ ಬ್ಯಾಡ’ ಎಂದರು. ನಾನು ಜನ್ಮದಲ್ಲಿ ಮೊಳೆ ಜೋಡಿಸಿದವನಲ್ಲ. ಅವರು ಪಕ್ಕದಲ್ಲೇ ನಿಂತು ಯಾವ ಅಕ್ಷರ ಮೊಳೆ ಪೆಟ್ಟಿಗೆಯ ಯಾವ ಮನೆಯಲ್ಲಿದೆ ಅಂತ ತೋರಿಸಿದರು. ತಲೆಕೆಳಗಾಗಿ ಇಟ್ಟೆ, ಜಾರಿಸಿದೆ, ಮತ್ತೆ ಇಟ್ಟೆ. ಒಂದು ಸಾಲಿಗೆ ಅರ್ಧ ಮಧ್ಯಾಹ್ನ ಹಿಡಿಯಿತು. ಬೆರಳಿಗೆ ಹತ್ತಿದ ಮಸಿ ಎರಡು ದಿನ ಹೋಗಲಿಲ್ಲ.

ಪುಸ್ತಕ ಬಂತು. ಅಂಥ ಸುದ್ದಿಯೇನೂ ಆಗಲಿಲ್ಲ. ಕೆಲವು ಲೈಬ್ರರಿಗಳಿಗೆ ಹೋಯಿತು. ಮೇಷ್ಟ್ರು ಮುನ್ನುಡಿಯಲ್ಲಿ ಸಿದ್ದಯ್ಯನವರ ಹೆಸರು ಬರೆಯುತ್ತೇನೆಂದಾಗ ಅವರು ಬೇಡವೆಂದಿದ್ದರು. ಕೆಲವು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ಆಮೇಲೆ ಕಂಪ್ಯೂಟರ್ ಬಂತು. ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದರು. ಜೋಡಿಸುವವರಿಗೆ ಕೆಲಸವಿಲ್ಲವಾಯಿತು. ನಾನು ಉಳಿದೆ, ಸಿದ್ದಯ್ಯನವರು ಹೋದರು. ಹೆಂಡತಿಯ ಊರು ಕನಕಪುರದ ಆಚೆ ದೊಡ್ಡಆಲಹಳ್ಳಿ, ಅಲ್ಲಿ ಒಂದಿಷ್ಟು ಹಿಪ್ಪುನೇರಳೆ, ಎರಡು ಹಸು ಇಟ್ಟುಕೊಂಡಿದ್ದಾರೆ ಎಂದು ಕೇಳಿದ್ದೆ.

ಈಗ ನೀವು ಒಂದು ಗುಂಡಿ ಒತ್ತಿದರೆ ಇಡೀ ಪುಸ್ತಕದ ಐತೆ ಎಲ್ಲ ಇದೆ ಆಗುತ್ತದೆ. ಒಂದು ಕ್ಷಣದ ಕೆಲಸ. ನಾನೂ ಹಾಗೇ ಎಷ್ಟೋ ಪುಸ್ತಕ ಮಾಡಿದೆ. ಹಾಗೆ ಒತ್ತುವಾಗಲೆಲ್ಲ, ‘ಮತ್ಯಾಕಣ್ಣ ವಾಪಸ್ಸು’ ಎಂದು ಕೇಳುವವರು ಪಕ್ಕದಲ್ಲಿ ಯಾರೂ ಇಲ್ಲ ಅನ್ನಿಸುತ್ತಿತ್ತು. ಕೆಲಸ ಬೇಗ ಮುಗಿಯುತ್ತಿತ್ತು. ಮನಸ್ಸು ಬಣಬಣ ಎನ್ನುತ್ತಿತ್ತು.

ಹೋಗಿ ನೋಡಬೇಕು ಎಂದುಕೊಂಡೇ ವರ್ಷಗಳು ಕಳೆದವು. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಕನಕಪುರದಲ್ಲಿ ಬಸ್ಸು ಬದಲಿಸಿ ದೊಡ್ಡಆಲಹಳ್ಳಿಗೆ ಹೋದೆ. ಸಿದ್ದಯ್ಯನವರು ಮನೆ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬಹಳ ಸಣ್ಣಗಾಗಿದ್ದರು. ಗುರುತು ಹಿಡಿದು ಕೈ ಹಿಡಿದುಕೊಂಡರು. ಜಗಲಿಯ ಮೇಲೆ ಕೂತೆವು. ಅವರ ಸೊಸೆ ಟೀ ತಂದುಕೊಟ್ಟಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ‘ಸಿದ್ದಯ್ಯಣ್ಣ, ಆವತ್ತು ಯಜಮಾನ್ರು ಕೇಳಿದಾಗ ನಂಗೇನೂ ಗೊತ್ತಿಲ್ಲ ಅಂದ್ಬುಟ್ಟೆ. ಅದು ತಪ್ಪಾಯ್ತು.’

ಅವರು ಟೀ ಒಂದು ಗುಟುಕು ಕುಡಿದರು. ‘ಅದು ನಂಗೆ ಗ್ಯಾನವೇ ಇಲ್ಲ ಬುಡಿ’ ಎಂದರು. ನಿಜ ಹೇಳಿದರೋ ನನ್ನನ್ನು ಉಳಿಸಲು ಹೇಳಿದರೋ ಗೊತ್ತಾಗಲಿಲ್ಲ.

ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವರೇ ಕೇಳಿದರು.

‘ಪುಟ್ಸಾಮಣ್ಣ, ಆ ಗಾಡಿಯವ್ನಿಗೆ ಹೆಂಡ್ತಿ ಮಕ್ಳು ಇದ್ರಾ? ಇಂಗ್ಲಿಷ್ ಪುಸ್ತಕದಲ್ಲಿ ಏನಾರ ಇದ್ದು, ಮೇಷ್ಟ್ರು ಬುಟ್ಬುಟ್ರಾ? ನಾನು ಎಲ್ಲ ಪುಟಾನೂ ಜೋಡ್ಸುದ್ನಲ್ಲ, ಎಲ್ಲೂ ಬರ್ನಿಲ್ಲ.’

ಆ ಪುಸ್ತಕವನ್ನು ನಾನು ಆರು ಸಲ ಓದಿದ್ದೆ. ಇಂಗ್ಲಿಷಿನದನ್ನೂ ಆಮೇಲೆ ಹಟ ಹಿಡಿದು ನಿಘಂಟು ಇಟ್ಟುಕೊಂಡು ಓದಿದ್ದೆ. ಹಾಗೆ ಕೇಳಬೇಕೆಂದು ನನಗೆ ಒಂದು ಸಲವೂ ತೋಚಿರಲಿಲ್ಲ.

‘ಇಲ್ಲ ಸಿದ್ದಯ್ಯಣ್ಣ. ಅದ್ರಲ್ಲೂ ಬರ್ದಿಲ್ಲ’ ಎಂದೆ.

ಅವರು ರಸ್ತೆಯ ಕಡೆ ನೋಡುತ್ತ ಕೂತರು. ‘ಇದ್ದಿರ್ತಾರೆ’ ಎಂದರು. ‘ಇಲ್ದೆ ಎಂಗೆ. ಎತ್ಲಾಗೋ ಮಾರ್ಬುಟ್ಟಿರ್ತಾರೆ. ಆ ಕಾಗದ ಜೇಬ್ನಾಗೆ ಇಕ್ಕೊಂಡು, ಅವ್ರು ಹುಡುಕ್ಕೊಂಡು ಬಂದ್ರೆ ಸಿಕ್ಲಿ ಅಂತ ಅಲ್ಲೇ ಕೂತವ್ನೆ.’